ಹೊಂಗೆ ಮರದ ಕೆಳಗೆ 15 ಚದರಡಿ

ನಮ್ಮ ತಳ್ಳುಗಾಡಿ 5 ಅಡಿ ಉದ್ದ, 3 ಅಡಿ ಅಗಲ. ಲೆಕ್ಕ ಹಾಕಿದರೆ 15 ಚದರಡಿ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ, ಬಸ್ ಸ್ಟಾಪಿನಿಂದ ಮನೆಗಳ ಕಡೆ ತಿರುಗುವ ಮೂಲೆಯಲ್ಲಿ, ಒಂದು ಹೊಂಗೆ ಮರದ ಕೆಳಗೆ ಅದು ನಿಲ್ಲುತ್ತದೆ. ಅಲ್ಲಿ ನಿಂತು ಸೊಪ್ಪು ಮಾರಬಹುದು ಎನ್ನುವ ಒಂದು ಕಾಗದ ಪಡೆಯಲು ನನಗೂ ನಮ್ಮ ಅತ್ತೆಗೂ ಸುಮಾರು ಐದು ವರ್ಷ ಹಿಡಿಯಿತು. ಆ ಐದು ವರ್ಷದಲ್ಲಿ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ. ನಮ್ಮ ಹಾಗೆ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದು. ನಮ್ಮ ಹತ್ತಿರ ಸೊಪ್ಪು ಕೊಳ್ಳುವವರಿಗೂ ಗೊತ್ತಿರಲಿ.

ಅತ್ತೆ ಈ ವ್ಯಾಪಾರಕ್ಕೆ ಇಳಿದದ್ದು 1996ರಲ್ಲಿ. ಮೊದಲ ಎರಡು ವರ್ಷ ಗಾಡಿ ಇರಲಿಲ್ಲ. ಮಂಕರಿ ತಲೆ ಮೇಲಿಟ್ಟುಕೊಂಡು ಒಂದು ಕ್ರಾಸಿನಿಂದ ಇನ್ನೊಂದು ಕ್ರಾಸಿಗೆ ಕೂಗುತ್ತಾ ತಿರುಗುತ್ತಿದ್ದರು. ಸಂಜೆ ಕಾಲು ಸೋತು ಈ ಮೂಲೆಯಲ್ಲಿ ಮಂಕರಿ ಇಳಿಸಿ ಕೂತರೆ, ಬಸ್ಸಿಳಿದು ಬರುವ ಹೆಂಗಸರು ತಾವೇ ನಿಂತು ಕೇಳುತ್ತಿದ್ದರಂತೆ. ಇಡೀ ದಿನ ತಿರುಗಿ ಮಾರಿದ್ದಕ್ಕಿಂತ ಆ ಒಂದು ಗಂಟೆಯಲ್ಲಿ ಮಾರಿದ್ದೇ ಜಾಸ್ತಿ ಆಗುತ್ತಿತ್ತು. ಹಾಗೆ ಅದೇ ಜಾಗ ಖಾಯಂ ಆಯಿತು. ಅತ್ತೆಯನ್ನು ನೋಡಿ ಹೂವಿನಕ್ಕ ಬಂದರು. ಆಮೇಲೆ ಬಾಳೆಹಣ್ಣಿನಣ್ಣ, ಆಮೇಲೆ ತೆಂಗಿನಕಾಯಿಯವರು. ಈಗ ಒಂಬತ್ತು ಗಾಡಿಗಳಿವೆ. ಈ ಮೂಲೆಯನ್ನು ಆರಿಸಿದ್ದು ಅತ್ತೆಯಲ್ಲ, ಬಸ್ಸಿಳಿದು ಮನೆಗೆ ನಡೆದು ಹೋಗುವವರ ಕಾಲು. ನಮ್ಮ ಐದು ವರ್ಷದ ಓಡಾಟ ಪೂರ್ತಿ ಈ ಒಂದು ವಿಷಯವನ್ನು ಬೇರೆಯವರಿಗೆ ತಿಳಿಸಿ ಹೇಳುವುದರಲ್ಲೇ ಹೋಯಿತು ಅಂದರೂ ತಪ್ಪಲ್ಲ.

ನಾನು ಮೊದಲು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ನನ್ನ ಕೆಲಸ ಹೋಯಿತು. ನಮ್ಮ ಯಜಮಾನರ ಆಟೊ ಮನೆ ಮುಂದೆ ನಿಂತುಬಿಟ್ಟಿತು. ಮನೆಗೆ ದುಡ್ಡು ತರುತ್ತಿದ್ದದ್ದು ಅತ್ತೆಯ ಗಾಡಿ ಒಂದೇ. ಆ ವರ್ಷ ಕೆ.ಆರ್. ಮಾರುಕಟ್ಟೆಯೂ ತಿಂಗಳುಗಟ್ಟಲೆ ಮುಚ್ಚಿತ್ತು. ಅತ್ತೆಗೆ ಪರಿಚಯವಿದ್ದ ಮಾಲೂರು ಕಡೆಯ ರೈತರು ಟೆಂಪೊದಲ್ಲಿ ಸೊಪ್ಪು ತಂದು ಊರ ಹೊರಗೆ ಇಳಿಸುತ್ತಿದ್ದರು. ಅಲ್ಲಿಂದ ತರಲು ಅತ್ತೆಗೆ ಒಬ್ಬರಿಗೇ ಆಗುತ್ತಿರಲಿಲ್ಲ. ನಾನೂ ಹೊರಟೆ. ಹಾಗೆ ನಾನು ಸೊಪ್ಪಿನವಳಾದೆ.

ಹೊರಗಿನಿಂದ ನೋಡುವವರಿಗೆ ಈ ಕೆಲಸ ಸುಲಭ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಬೆಳಗಿನ ಜಾವ 3 ಗಂಟೆಗೆ ಏಳಬೇಕು. ನಾಲ್ಕು ಜನ ಸೇರಿ ಒಂದು ಗೂಡ್ಸ್ ಆಟೊ ಮಾಡಿಕೊಂಡು ಮಾರುಕಟ್ಟೆಗೆ ಹೋಗುತ್ತೇವೆ. ಹೊಸಕೋಟೆ, ಮಾಲೂರು, ಆನೇಕಲ್, ದೊಡ್ಡಬಳ್ಳಾಪುರ ಕಡೆಯಿಂದ ರಾತ್ರಿಯೇ ಸೊಪ್ಪು ಬಂದು ಬಿದ್ದಿರುತ್ತದೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಅರಿವೆ, ಕೊತ್ತಂಬರಿ, ಪುದೀನ. ಕತ್ತಲಲ್ಲಿ ನೋಡಿ ಆರಿಸಬೇಕು. ಬೇರಿನ ಮಣ್ಣನ್ನು ಬೆರಳಿನಲ್ಲಿ ಒತ್ತಿ ನೋಡು ಅಂತ ಅತ್ತೆ ಕಲಿಸಿದರು. ಹಸಿ ಇದ್ದರೆ ರಾತ್ರಿ ಕಿತ್ತದ್ದು. ಪುಡಿಯಾದರೆ ಹಿಂದಿನ ದಿನದ್ದು. ದೊಡ್ಡ ಕಟ್ಟು ತಂದು, ಬಿಚ್ಚಿ, ಹಳದಿ ಎಲೆ ತೆಗೆದು, ಬಾಳೆನಾರಿನಲ್ಲಿ ಸಣ್ಣ ಕಟ್ಟು ಕಟ್ಟಿ, ಒದ್ದೆ ಗೋಣಿಚೀಲ ಹೊದಿಸಿದರೆ 7 ಗಂಟೆಗೆ ಬೋಣಿ. ನಮಗೆ ಫ್ರಿಜ್ ಅಂದರೆ ಆ ಗೋಣಿಚೀಲವೇ. ರಾತ್ರಿ ಹೊಲದಲ್ಲಿದ್ದ ಸೊಪ್ಪು ಬೆಳಗ್ಗೆ 9ಕ್ಕೆ ಯಾರದೋ ಮನೆಯ ಸಾರಿನಲ್ಲಿರುತ್ತದೆ. ಮಧ್ಯದಲ್ಲಿ ಕೋಲ್ಡ್ ಸ್ಟೋರೇಜ್ ಇಲ್ಲ, ಪ್ಯಾಕಿಂಗ್ ಇಲ್ಲ.

ಕಷ್ಟ ಇದ್ದದ್ದು ಬಂಡವಾಳದ ವಿಷಯದಲ್ಲಿ. ಅತ್ತೆ ವರ್ಷಗಟ್ಟಲೆ ದಿನಬಡ್ಡಿ ಸಾಲದಲ್ಲೇ ವ್ಯಾಪಾರ ಮಾಡಿದವರು. ಬೆಳಗ್ಗೆ 900 ರೂಪಾಯಿ ಕೈಗೆ ಕೊಡುತ್ತಾರೆ, ಸಂಜೆ 1,000 ವಾಪಸ್ ಕೊಡಬೇಕು. ನಾನು ಗಾಡಿಗೆ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಒಂದು ತಿಂಗಳಲ್ಲಿ 22 ದಿನ ಹಾಗೆ ಸಾಲ ತಂದಿದ್ದೆವು. 2,200 ರೂಪಾಯಿ ಬರೀ ಬಡ್ಡಿ. ಪುಸ್ತಕ ತೋರಿಸಿದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಇದು ಗೊತ್ತಿದ್ರೆ ಮಗಳ ಮದುವೆಗೆ ಸಾಲ ಮಾಡ್ತಿರಲಿಲ್ಲ ಕಣಮ್ಮಾ" ಅಂದರು.

ಅದೇ ಹೊತ್ತಿಗೆ ಪಿಎಂ ಸ್ವನಿಧಿ ಎನ್ನುವ ಸಾಲದ ಯೋಜನೆ ಬಂದಿದೆ ಅಂತ ಹೂವಿನಕ್ಕನ ಮಗ ಹೇಳಿದ. 2020ರ ಜೂನ್ 1ರಂದು ಶುರುವಾದದ್ದು. ಅಡಮಾನ ಬೇಡ. ಆಗ ಮೊದಲ ಸಲ ಕೊಡುತ್ತಿದ್ದದ್ದು 10,000 ರೂಪಾಯಿ, ಒಂದು ವರ್ಷದಲ್ಲಿ ಕಂತಿನಲ್ಲಿ ತೀರಿಸಬೇಕಿತ್ತು. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ 7ರ ಲೆಕ್ಕದಲ್ಲಿ ಬಡ್ಡಿಯ ದುಡ್ಡನ್ನು ಸರ್ಕಾರವೇ ನಮ್ಮ ಖಾತೆಗೆ ಹಾಕುತ್ತದೆ. ತೀರಿಸಿದರೆ ಮುಂದಿನ ಸಲ ಇನ್ನೂ ಜಾಸ್ತಿ ಸಿಗುತ್ತದೆ ಅಂದ. ನಮಗೆ ಆ 10,000ವೇ ದೊಡ್ಡದಾಗಿ ಕಂಡಿತು.

ಆದರೆ ಸಾಲಕ್ಕೆ ಬೀದಿ ವ್ಯಾಪಾರಿಯ ಗುರುತಿನ ಚೀಟಿ ಬೇಕು. ಬೆಂಗಳೂರಿನಲ್ಲಿ 2017ರಲ್ಲಿ ಸಮೀಕ್ಷೆ ಮಾಡಿ ಚೀಟಿ ಕೊಟ್ಟಿದ್ದರು. ಸಮೀಕ್ಷೆಯವರು ನಮ್ಮ ಮೂಲೆಗೆ ಬಂದ ದಿನ ಅತ್ತೆ ಊರಿಗೆ ಹೋಗಿದ್ದರು, ಮಾವನ ತಿಥಿಗೆ. 21 ವರ್ಷ ನಿಂತ ಜಾಗದಲ್ಲಿ ಆ ಒಂದು ದಿನ ಇಲ್ಲದ್ದಕ್ಕೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಂಥವರಿಗೆ, ಇವರು ಬೀದಿ ವ್ಯಾಪಾರಿಯೇ ಎಂದು ಬರೆದುಕೊಡುವ ಶಿಫಾರಸು ಪತ್ರ ಅಂತ ಇನ್ನೊಂದು ದಾರಿ ಇದೆ ಎಂದು ಆಮೇಲೆ ಗೊತ್ತಾಯಿತು. ನಮ್ಮ ಬೀದಿ ವ್ಯಾಪಾರಿಗಳ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಅರ್ಜಿ ಹೇಗೆ ಬರೆಯಬೇಕು, ಏನೇನು ಲಗತ್ತಿಸಬೇಕು ಎಲ್ಲ ಅವರೇ ಹೇಳಿಕೊಟ್ಟರು. ಸಂಘದ ಸದಸ್ಯತ್ವದ ಕಾರ್ಡ್, ಆಧಾರ್, ಪಾಸ್‌ಬುಕ್, ಗಾಡಿಯ ಹತ್ತಿರ ನಿಂತ ಫೋಟೊ.

ಸಿಕ್ಕಿಹಾಕಿಕೊಂಡದ್ದು ಎರಡು ಸಣ್ಣ ವಿಷಯದಲ್ಲಿ. ಆಧಾರ್‌ನಲ್ಲಿದ್ದ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಇನಿಷಿಯಲ್ ಹೊಂದುತ್ತಿರಲಿಲ್ಲ. ಆಧಾರ್‌ಗೆ ಜೋಡಿಸಿದ್ದ ಫೋನ್ ನಂಬರ್ ಮಾವನದು, ಆ ಸಿಮ್ ಯಾವತ್ತೋ ಬಂದ್ ಆಗಿತ್ತು. ಓಟಿಪಿ ಬರುವುದಾದರೂ ಎಲ್ಲಿಗೆ? ಸರಿಪಡಿಸಲು ಹೋದರೆ ಅತ್ತೆಯ ಹೆಬ್ಬೆಟ್ಟನ್ನು ಯಂತ್ರ ಓದಲಿಲ್ಲ. ಒಂದೊಂದಾಗಿ ಹತ್ತೂ ಬೆರಳು ಇಟ್ಟರು. 24 ವರ್ಷ ಬಾಳೆನಾರು ಎಳೆದೂ ಎಳೆದೂ ಬೆರಳಿನ ಗೆರೆ ಸವೆದುಹೋಗಿತ್ತು. ಅಲ್ಲಿದ್ದ ಹುಡುಗಿ ಒಳ್ಳೆಯವಳು. "ಅಜ್ಜಿ, ಮೂರು ದಿನ ನೀರಲ್ಲಿ ಕೈ ಹಾಕಬೇಡಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬನ್ನಿ" ಅಂದಳು. ಮೂರು ದಿನ ಸೊಪ್ಪು ತೊಳೆಯುವ, ಕಟ್ಟುವ ಕೆಲಸವೆಲ್ಲ ನಾನೊಬ್ಬಳೇ ಮಾಡಿದೆ. ನಾಲ್ಕನೇ ದಿನ ಎಡಗೈ ಉಂಗುರ ಬೆರಳು ಓದಿತು. ವ್ಯಾಪಾರ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಬೇರೆ ಯಾವ ಅರ್ಜಿಗೂ ಮೊದಲು ಆಧಾರ್‌ನ ಹೆಸರು, ಫೋನ್ ನಂಬರ್, ಬೆರಳಚ್ಚು ಈ ಮೂರನ್ನು ಸರಿ ಮಾಡಿಕೊಳ್ಳಿ. ನಮಗೆ ಅರ್ಧ ಸಮಯ ಇದರಲ್ಲೇ ಹೋಯಿತು.

ಶಿಫಾರಸು ಪತ್ರ ಕೈಗೆ ಬರಲು ಎರಡು ತಿಂಗಳಾಯಿತು. ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ "ಅಂಗಡಿ ವಿಳಾಸ ಏನು?" ಅಂತ ಕೇಳಿದರು. ಅತ್ತೆ "ಬಸ್ ಸ್ಟಾಪ್ ಪಕ್ಕ, ಹೊಂಗೆ ಮರದ ಕೆಳಗೆ" ಅಂದರು. ಅಲ್ಲಿ ಆಗಲಿಲ್ಲ. ಇನ್ನೊಂದು ಬ್ಯಾಂಕಿನಲ್ಲಿ 2021ರ ಫೆಬ್ರುವರಿಯಲ್ಲಿ ಸಾಲ ಮಂಜೂರಾಯಿತು. ದಿನಬಡ್ಡಿಯವರ ಬಾಕಿ ಚುಕ್ತಾ ಮಾಡಿದೆವು. ಗಾಡಿಗೆ ಎರಡು ಹೊಸ ಚಕ್ರ, ಒಂದು ದೊಡ್ಡ ಛತ್ರಿ. ಉಳಿದದ್ದು ದಿನದ ಬಂಡವಾಳ. ತಿಂಗಳಿಗೆ 900 ರೂಪಾಯಿ ಹತ್ತಿರ ಕಂತು ಬರುತ್ತಿತ್ತು. ಹಿಂದೆ ಒಂಬತ್ತು ದಿನಕ್ಕೆ ಕೊಡುತ್ತಿದ್ದ ಬಡ್ಡಿಯಷ್ಟು, ಅದೂ ಅಸಲು ಸೇರಿ.

ಕ್ಯೂಆರ್ ಕೋಡ್ ಕೂಡ ಕೊಟ್ಟರು. ತಿಂಗಳಿಗೆ ಇಷ್ಟು ಸಲ ಫೋನಿನಲ್ಲಿ ದುಡ್ಡು ಪಡೆದರೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಆದರೆ ಒಂದೊಂದು ಸಲಕ್ಕೆ ಕನಿಷ್ಠ 25 ರೂಪಾಯಿ ಇರಬೇಕಿತ್ತು. ನಮ್ಮದು 10 ರೂಪಾಯಿ, 15 ರೂಪಾಯಿ ಕಟ್ಟು. ಒಂದು ಕಟ್ಟು ಕೊತ್ತಂಬರಿ ಕೊಂಡವರದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ನಿಯಮ ಬರೆದವರು ಒಂದು ದಿನ ಸೊಪ್ಪಿನ ಗಾಡಿಯ ಹತ್ತಿರ ನಿಂತು ನೋಡಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೂ ಆ ನೋಂದಣಿಯಿಂದ ಒಂದು ಅನುಕೂಲ ಆಯಿತು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಹೊತ್ತಿಗೆ, ನೋಂದಣಿಯಾದ ಬೀದಿ ವ್ಯಾಪಾರಿಗಳಿಗೆ ರಾಜ್ಯ ಸರ್ಕಾರ 2,000 ರೂಪಾಯಿ ಪರಿಹಾರ ಘೋಷಿಸಿತು. ಅತ್ತೆಯ ಖಾತೆಗೆ ಬಂತು. ಪಕ್ಕದಲ್ಲೇ ಕೂರುವ, ಅರ್ಜಿ ಹಾಕದೆ ಉಳಿದ ನಿಂಬೆಹಣ್ಣಿನಜ್ಜಿಗೆ ಬರಲಿಲ್ಲ. ಕಾಗದ ಅಂದರೆ ಏನು ಅಂತ ಅವತ್ತು ನಮ್ಮ ಮೂಲೆಗೆಲ್ಲ ಅರ್ಥವಾಯಿತು.

ಇಷ್ಟಾದರೂ ಜಾಗದ ಪ್ರಶ್ನೆ ಹಾಗೇ ಉಳಿದಿತ್ತು. ಸಾಲ ಕೊಟ್ಟರು ಅಂದ ಮಾತ್ರಕ್ಕೆ ನಿಲ್ಲಲು ಜಾಗ ಕೊಟ್ಟ ಹಾಗಲ್ಲ.

2022ರಲ್ಲಿ ನಮ್ಮ ರಸ್ತೆಯ ಫುಟ್‌ಪಾತ್ ಹೊಸದಾಗಿ ಮಾಡಿದರು. ಚೆನ್ನಾಗೇ ಮಾಡಿದರು. ಕೆಲಸ ಮುಗಿದ ಮೇಲೆ ಗಾಡಿಗಳು ಇಲ್ಲಿ ಬೇಡ, ಹಿಂದಿನ ರಸ್ತೆಗೆ ಹೋಗಿ ಅಂದರು. ಬರೀ 300 ಮೀಟರ್ ದೂರ. ನೋಡೋಣ ಅಂತ ಹೋದೆವು. ಒಂದು ಕಡೆ ಕಲ್ಯಾಣ ಮಂಟಪದ ಗೋಡೆ, ಇನ್ನೊಂದು ಕಡೆ ಖಾಲಿ ಸೈಟು. ಜಾಗ ವಿಶಾಲವಾಗಿತ್ತು, ನೆರಳೂ ಇತ್ತು. ಜನ ಮಾತ್ರ ಇರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಹದಿನೆಂಟು ದಿನದ ಲೆಕ್ಕ ಇದೆ. ದಿನಕ್ಕೆ 1,800, 2,000 ಆಗುತ್ತಿದ್ದ ವ್ಯಾಪಾರ 700ಕ್ಕೆ ಇಳಿಯಿತು. ಸಂಜೆ ಉಳಿದ ಸೊಪ್ಪು ಎರಡು ಮೂಟೆ. ಬಸ್ಸಿಳಿದವರು ಸೊಪ್ಪಿಗೆ ಅಂತ 300 ಮೀಟರ್ ಹಿಂದಕ್ಕೆ ಬರುವುದಿಲ್ಲ. ಯಾಕೆ ಬರಬೇಕು? ಕೆಲಸ ಮುಗಿಸಿ ಸುಸ್ತಾಗಿ ಬಂದಿರುತ್ತಾರೆ. ಮನೆ ದಾರಿಯಲ್ಲಿ ಸಿಕ್ಕಿದರೆ ತಗೊಳ್ಳುತ್ತಾರೆ. ಇಲ್ಲದಿದ್ದರೆ ಮನೆಗೆ ಹೋಗಿ ಫೋನಿನಲ್ಲಿ ಆರ್ಡರ್ ಮಾಡುತ್ತಾರೆ, ಹತ್ತು ನಿಮಿಷದಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಒಂದು ಬೈಕ್ ಬರುತ್ತದೆ. ಅಥವಾ ಭಾನುವಾರ ಸ್ಕೂಟರ್ ತೆಗೆದು ದೂರದ ಅಂಗಡಿಗೆ ಹೋಗಿ ವಾರಕ್ಕಾಗುವಷ್ಟು ತಂದು ಫ್ರಿಜ್ಜಿನಲ್ಲಿಟ್ಟುಕೊಳ್ಳುತ್ತಾರೆ. ನಡೆದು ಕೊಳ್ಳುತ್ತಿದ್ದವರು ಗಾಡಿ ಏರುತ್ತಾರೆ. ಒಂದು ಮೂಲೆಯಿಂದ ಒಂಬತ್ತು ತಳ್ಳುಗಾಡಿ ತೆಗೆದರೆ ಎಷ್ಟು ಮೋಟರ್ ಗಾಡಿ ರಸ್ತೆಗೆ ಬರುತ್ತವೆ ಅಂತ ಯಾರಾದರೂ ಲೆಕ್ಕ ಹಾಕಬೇಕು ಅಲ್ವಾ?

ನಾವು ವಾಪಸ್ ಹೊಂಗೆ ಮರದ ಹತ್ತಿರ ಬಂದೆವು. ಐದನೇ ದಿನ ಬೆಳಗ್ಗೆ ಗಾಡಿ ತೆರವು ಮಾಡುವವರ ಲಾರಿ ಬಂತು. ನಾನು ಟೀ ತರಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಮೂರು ಗಾಡಿ ಎತ್ತಿಹಾಕಿದ್ದರು, ನಮ್ಮದೂ ಸೇರಿ. ಅತ್ತೆ ಗಾಡಿಯ ಹಿಡಿ ಬಿಟ್ಟಿರಲಿಲ್ಲ. ಎಳೆದಾಟದಲ್ಲಿ ಮೊಣಕೈ ತರಚಿ ರಕ್ತ ಬಂದಿತ್ತು. ಸೊಪ್ಪು ರಸ್ತೆ ತುಂಬ ಬಿದ್ದಿತ್ತು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮೇಷ್ಟ್ರು, ನಮ್ಮ ಹತ್ತಿರ ದಿನಾ ದಂಟಿನಸೊಪ್ಪು ಕೊಳ್ಳುವವರು, ಬ್ಯಾಗು ಕೆಳಗಿಟ್ಟು ಸೊಪ್ಪು ಆರಿಸಿ ಕೊಡುತ್ತಿದ್ದರು.

ಸಂಘದಕ್ಕ ಅರ್ಧ ಗಂಟೆಯಲ್ಲಿ ಬಂದರು. ಅವರ ಕೈಯಲ್ಲಿ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಕನ್ನಡ ಪುಸ್ತಿಕೆ ಇತ್ತು. ಪುಟಪುಟಕ್ಕೂ ಬಸ್ ಟಿಕೆಟ್ ಗುರುತು ಇಟ್ಟಿದ್ದರು. ನಾವು ಅಕ್ಕನ ಜೊತೆ ಗಾಡಿ ಒಯ್ದವರ ಕಚೇರಿಗೆ ಹೋದೆವು. ಅಕ್ಕ ಕೂಗಾಡಲಿಲ್ಲ. ಒಂದೊಂದೇ ಓದಿ ಕೇಳಿದರು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು 3ನೇ ಕಲಂನಲ್ಲಿದೆ. ಎಬ್ಬಿಸುವುದಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು ಎಂದು 18ರಲ್ಲಿದೆ. ಸಾಮಾನು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಮಾಡಿ ಸಹಿ ಹಾಕಿ ಪ್ರತಿ ಕೊಡಬೇಕು, ಕೆಡುವ ಪದಾರ್ಥವಾದರೆ ಕೇಳಿದ ದಿನವೇ ಬಿಡಬೇಕು, ಬೇರೆ ಸಾಮಾನಾದರೆ ಎರಡು ಕೆಲಸದ ದಿನದೊಳಗೆ, ಅದು 19ನೇ ಕಲಂ. "ಪಟ್ಟಿ ಎಲ್ಲಿದೆ ಸಾರ್?" ಅಂದರು. ಪಟ್ಟಿ ಇರಲಿಲ್ಲ. ಸಂಜೆ 4 ಗಂಟೆಗೆ ಗಾಡಿ ವಾಪಸ್ ಬಂತು. ಸೊಪ್ಪು ಬಾಡಿ ಹೋಗಿತ್ತು. ಅವತ್ತಿನ ನಷ್ಟ 1,400 ರೂಪಾಯಿ. ಪುಸ್ತಿಕೆಯ ಒಂದು ಜೆರಾಕ್ಸ್ ಮಾಡಿಸಿ ಅವತ್ತೇ ಗಾಡಿಯ ಗಲ್ಲಾ ಡಬ್ಬಿಯಲ್ಲಿಟ್ಟೆ. ಈಗಲೂ ಅಲ್ಲೇ ಇದೆ.

ರಾತ್ರಿ ಕೂತು ಅದನ್ನು ಪೂರ್ತಿ ಓದಿದೆ. ಓದುತ್ತಾ ಹೋದರೆ ನಮ್ಮ ಮೂಲೆಗೇ ಬರೆದ ಹಾಗಿದೆ. ಕೊಳ್ಳುವವರೂ ಮಾರುವವರೂ ಹಿಂದಿನಿಂದ ತಾವಾಗಿ ಸೇರುತ್ತಾ ಬಂದ ಜಾಗಕ್ಕೆ ಕಾನೂನಿನಲ್ಲಿ ಸಹಜ ಮಾರುಕಟ್ಟೆ ಎನ್ನುವ ಹೆಸರೇ ಇದೆ. ಸಮೀಕ್ಷೆಯಲ್ಲಿ ಗುರುತಿಸಿದ ಅಂಥ ಜಾಗವನ್ನು ವ್ಯಾಪಾರ ನಿಷೇಧಿತ ವಲಯ ಅಂತ ಮಾಡುವ ಹಾಗಿಲ್ಲ. ಅತ್ತೆಗೆ ಓದಿ ಹೇಳಿದೆ. "ಇದನ್ನ ಬರೆದೋರು ನಮ್ಮ ಮಂಕರಿ ನೋಡಿರಬೇಕು" ಅಂದರು.

ಅಕ್ಕ ಇನ್ನೊಂದು ವಿಷಯವನ್ನೂ ಹೇಳಿದ್ದರು. ಅದನ್ನು ಮುಚ್ಚಿಡಬಾರದು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿ ಬದಿ ವ್ಯಾಪಾರವೂ ಸಂವಿಧಾನದ 19ನೇ ವಿಧಿಯ ಹಕ್ಕಿನೊಳಗೆ ಬರುತ್ತದೆ ಎಂದಿತು. ಹಾಗೆಯೇ, ಆ ಹಕ್ಕಿಗೆ ಮಿತಿ ಇದೆ, ಇದೇ ಜಾಗ ಬೇಕು ಅಂತ ಯಾರೂ ಹಟ ಹಿಡಿಯುವಂತಿಲ್ಲ ಎಂದೂ ಹೇಳಿತು. ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕೊರೆಯಿತು. ಯಾಕೆಂದರೆ ನಮ್ಮ ಕಡೆಯೂ ತಪ್ಪಿತ್ತು. ಒಂಬತ್ತು ಗಾಡಿ ಸಾಲಾಗಿ ನಿಂತರೆ ಫುಟ್‌ಪಾತ್ ಮೇಲೆ ನಡೆಯಲು ಒಂದೂವರೆ ಅಡಿಯೂ ಉಳಿಯುತ್ತಿರಲಿಲ್ಲ. ಕೋಲೂರಿಕೊಂಡು ಬರುವ ಒಬ್ಬರು ತಾತ ದಿನಾ ರಸ್ತೆಗಿಳಿದು ನಮ್ಮನ್ನು ದಾಟುತ್ತಿದ್ದರು. ಮಗುವಿನ ತಳ್ಳುಗಾಡಿ ತರುವ ತಾಯಂದಿರೂ ಹಾಗೇ. ನಡೆಯುವವರ ಕಾಲಿನಿಂದ ಬದುಕುವ ನಾವು ಅವರ ಕಾಲಿಗೇ ಅಡ್ಡ ನಿಂತಿದ್ದೆವು.

ಒಂದು ಭಾನುವಾರ ಎಲ್ಲ ಗಾಡಿಯವರೂ ಸೇರಿದೆವು. ನನ್ನ ಹಳೇ ಟೈಲರ್ ಟೇಪು ಹಿಡಿದು ಅಳೆದೆವು. ಫುಟ್‌ಪಾತಿನ ಅಗಲ 10 ಅಡಿ. ರಸ್ತೆಯ ಕಡೆಯ ಅಂಚಿನಲ್ಲಿ ಮರಗಳಿವೆ, ಕರೆಂಟ್ ಬಾಕ್ಸ್ ಇದೆ. ಅಲ್ಲಿ ಹೇಗೂ ಯಾರೂ ನಡೆಯುವುದಿಲ್ಲ. ಮರಗಳ ನಡುವಿನ ಆ ಅಂಚಿನಲ್ಲಿ ಗಾಡಿಯನ್ನು ಉದ್ದಕ್ಕೆ ನಿಲ್ಲಿಸಿದರೆ 6 ಅಡಿ ದಾರಿ ಉಳಿಯುತ್ತದೆ. ಸುಣ್ಣದ ಗೆರೆ ಎಳೆದೆವು. ಗೆರೆ ದಾಟಿ ಬುಟ್ಟಿ ಇಟ್ಟರೆ ಪಕ್ಕದವರೇ ಎತ್ತಿ ಒಳಗಿಡಬೇಕು ಅಂತ ಮಾತಾಯಿತು. ಒಂಬತ್ತೂ ಗಾಡಿ ಹಿಡಿಸಲಿಲ್ಲ. ಇಬ್ಬರು ಎದುರು ರಸ್ತೆಯ ಮರದ ಕೆಳಗೆ ಹೋಗಬೇಕಾಯಿತು. ಯಾರು ಅನ್ನುವುದಕ್ಕೆ ಜಗಳ ಆಯಿತು, ಎರಡು ವಾರ ಹೂವಿನಕ್ಕ ನಮ್ಮ ಜೊತೆ ಮಾತಾಡಲಿಲ್ಲ. ಕೊನೆಗೆ ತಿಂಗಳಿಗೊಮ್ಮೆ ಸರದಿ ಬದಲಿಸುವುದು ಅಂತ ಇತ್ಯರ್ಥವಾಯಿತು. ಆ ಅಳತೆಯ ನಕ್ಷೆಯನ್ನು ನಾನೇ ಕಾಗದದ ಮೇಲೆ ಬರೆದೆ. ಎದುರು ಮನೆಗಳವರು, ಮೇಷ್ಟ್ರು, ಕೋಲಿನ ತಾತ ಎಲ್ಲ ಸೇರಿ 112 ಜನ ಅದರ ಕೆಳಗೆ ಸಹಿ ಹಾಕಿಕೊಟ್ಟರು. ಇಲ್ಲೇ ನಿಲ್ಲಲು ಬಿಡಿ ಅನ್ನುವ ಅರ್ಜಿಯ ಜೊತೆ ಅದನ್ನು ಕೊಟ್ಟೆವು. ಆಮೇಲೆ ಲಾರಿ ಬರಲಿಲ್ಲ.

ಸಹಿಗೆ ಮನೆಮನೆ ಹೋದಾಗ ಜನ ಹೇಳಿದ್ದು ನನಗೆ ಹೊಸದು. ಸೊಪ್ಪು ತಾಜಾ ಸಿಗುತ್ತೆ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಒಬ್ಬ ಹುಡುಗಿ, ಐಟಿ ಕೆಲಸದವಳು, "ರಾತ್ರಿ 9ಕ್ಕೆ ಬಸ್ಸಿಳಿದಾಗ ನಿಮ್ಮ ಛತ್ರಿ ಲೈಟ್ ಕಂಡ್ರೆ ಧೈರ್ಯ ಆಂಟಿ" ಅಂದಳು. ಒಬ್ಬಳೇ ಇರುವ ಒಂದು ಅಜ್ಜಿ, ದಿನಕ್ಕೆ 5 ರೂಪಾಯಿ ಕರಿಬೇವು, ಕೊತ್ತಂಬರಿ ಕೊಳ್ಳುವವರು, "ನಿಮ್ಮತ್ತೆ ಹತ್ರ ಮಾತಾಡೋಕೇ ಇಳಿದು ಬರೋದು" ಅಂದರು. ಅತ್ತೆ ಅವರಿಗೆ ಯಾವಾಗಲೂ ಕೊಸರು ಹಾಕುತ್ತಾರೆ. ಒಂದು ದಿನ ಅಜ್ಜಿ ಬರದಿದ್ದರೆ ನನ್ನನ್ನು ಮನೆಗೆ ಅಟ್ಟುತ್ತಾರೆ, ನೋಡಿಕೊಂಡು ಬಾ ಅಂತ.

ಕವರಿನ ವಿಷಯವೂ ಅದೇ ಓಡಾಟದಲ್ಲಿ ಬಂತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರಿಗೆ 2016ರಿಂದಲೇ ನಿಷೇಧ ಇದೆ. ಆದರೂ ಗಿರಾಕಿ ಬರಿಗೈಯಲ್ಲಿ ಬಂದು ಕವರ್ ಕೇಳುತ್ತಾರೆ, ಇಲ್ಲ ಅಂದರೆ ಪಕ್ಕದ ಗಾಡಿಗೆ ಹೋಗುತ್ತಾರೆ. ಅತ್ತೆ ಪೇಪರಿನಲ್ಲಿ ಸುತ್ತಿ ನಾರು ಕಟ್ಟಿ ಕೊಡುತ್ತಿದ್ದರು, ಮಳೆಯಲ್ಲಿ ಅದು ನಿಲ್ಲುತ್ತಿರಲಿಲ್ಲ. ನಾನು ಹಳೇ ಸ್ನೇಹಿತೆಯರಿಂದ ತುಂಡು ಬಟ್ಟೆ ತಂದು ಚೀಲ ಹೊಲಿದೆ. ಚೀಲಕ್ಕೆ 10 ರೂಪಾಯಿ, ವಾಪಸ್ ತಂದರೆ 10 ರೂಪಾಯಿ ವಾಪಸ್. ಮೊದಲ ತಿಂಗಳು 60 ಚೀಲ ಹೋದವು. ಈಗ ಒಂಬತ್ತು ಗಾಡಿಗೂ ಒಂದೇ ಚೀಲ, ಯಾವ ಗಾಡಿಯಲ್ಲಿ ಬೇಕಾದರೂ ವಾಪಸ್ ಕೊಡಬಹುದು. ಬಾಡಿದ ಸೊಪ್ಪು, ಬೇರು, ಹಳದಿ ಎಲೆ ಎಲ್ಲ ಹಿಂದಿನ ಬೀದಿಯ ಕೊಟ್ಟಿಗೆಯ ಹಸುಗಳಿಗೆ ಹೋಗುತ್ತದೆ. ಕೊಟ್ಟಿಗೆಯವರೇ ರಾತ್ರಿ ಬಂದು ಒಯ್ಯುತ್ತಾರೆ. ಅವರೆಕಾಯಿ ಕಾಲದಲ್ಲಂತೂ ಸಿಪ್ಪೆ ಮೂಟೆಗಟ್ಟಲೆ. ಹೂವಿನಕ್ಕ ಡಿಸೆಂಬರ್ ಬಂದರೆ ಅವರೆಬೇಳೆ ಹಿಸುಕಿ ಮಾರುತ್ತಾರೆ, ಆ ಸಿಪ್ಪೆಗೆ ಹಸುಗಳು ಕಾಯುತ್ತವೆ. ನಮ್ಮ ಮೂಲೆಯಿಂದ ಕಸದ ಗಾಡಿಗೆ ಹೋಗುವುದು ಏನೂ ಇಲ್ಲ ಅನ್ನುವಷ್ಟು ಕಡಿಮೆ.

ಕಾನೂನಿನ ಪ್ರಕಾರ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು. ನಮಗೆ ಮುಂದಿನ ಸಮೀಕ್ಷೆ ಬಂದದ್ದು 2024ರಲ್ಲಿ. ಈ ಸಲ ಅತ್ತೆ ಯಾವ ಮದುವೆಗೂ ತಿಥಿಗೂ ಹೋಗಲಿಲ್ಲ. ಜ್ವರ ಬಂದಾಗಲೂ ಗಾಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಒಂದು ಮಧ್ಯಾಹ್ನ ಇಬ್ಬರು ಫೋನ್ ಹಿಡಿದು ಬಂದರು. ಆಧಾರ್ ನಂಬರ್, ಓಟಿಪಿ, ಗಾಡಿಯ ಜೊತೆ ಫೋಟೊ. ಸಿಮ್ ಸರಿ ಮಾಡಿಸಿದ್ದರಿಂದ ಓಟಿಪಿ ಒಂದೇ ಸಲಕ್ಕೆ ಬಂತು.

"ಎಷ್ಟು ವರ್ಷದಿಂದ ಇಲ್ಲೇ ಇದ್ದೀರಾ ಅಜ್ಜಿ?"

ಅತ್ತೆ ಎದ್ದು ಹೊಂಗೆ ಮರದ ಕಾಂಡಕ್ಕೆ ಕೈಯಿಟ್ಟರು. "ನಾನು ಬಂದಾಗ ಇದಕ್ಕೆ ತಂತಿ ಬೇಲಿ ಹಾಕಿದ್ರು ಸ್ವಾಮಿ. ನನ್ನ ಸೊಂಟದಷ್ಟು ಎತ್ತರ. ಬೇಸಿಗೆಯಲ್ಲಿ ಸೊಪ್ಪು ತೊಳೆದ ನೀರು ಇದಕ್ಕೇ ಹಾಕ್ತಿದ್ದೆ." ಆ ಹುಡುಗ ಮರವನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಫೋನಿನಲ್ಲಿ 28 ಅಂತ ಒತ್ತಿದ. ನಾನು ಸುಣ್ಣದ ಗೆರೆಯ ನಕ್ಷೆ, 112 ಸಹಿಯ ಪ್ರತಿ ತೋರಿಸಿದೆ. ಅದರ ಫೋಟೊವನ್ನೂ ತೆಗೆದುಕೊಂಡ. ಅತ್ತೆಯ ಬದಲು ನಾನು ನಿಂತರೆ ತೊಂದರೆ ಇಲ್ವಾ ಅಂತ ಕೇಳಿದೆ. ವ್ಯಾಪಾರವನ್ನು ತಾನೇ ಇಲ್ಲವೇ ಮನೆಯವರ ಮೂಲಕ ಮಾಡುತ್ತೇನೆ ಅಂತ ಅತ್ತೆಯೇ ಬರೆದುಕೊಡಬೇಕಾದ ಒಪ್ಪಿಗೆಯಲ್ಲಿದೆ, ತೊಂದರೆ ಇಲ್ಲ ಅಂದ. ಬೇರೆಯವರಿಗೆ ಬಾಡಿಗೆಗೆ ಕೊಡಬಾರದು ಅಷ್ಟೇ.

ಬೀದಿ ವ್ಯಾಪಾರಿಯ ಕಾರ್ಡು ಬಂದ ದಿನ ಮಳೆ. ಸಂಘದಕ್ಕ ಕವರಿನಲ್ಲಿ ಸುತ್ತಿ ತಂದರು. ಅತ್ತೆ ಕೈ ಒರೆಸಿಕೊಂಡು ತೆಗೆದುಕೊಂಡರು. ಓದಲು ಬರುವುದಿಲ್ಲ, ನನ್ನ ಕೈಗೆ ಕೊಟ್ಟರು. ಹೆಸರು, ವಿಳಾಸ, ವ್ಯಾಪಾರದ ಜಾಗ ಎಲ್ಲ ಓದಿದೆ. ವ್ಯಾಪಾರದ ಬಗೆ ಅನ್ನುವಲ್ಲಿ ತರಕಾರಿ ಅಂತ ಇತ್ತು.

"ತರಕಾರೀನಾ? ನಾನು ಯಾವತ್ತು ತರಕಾರಿ ಮಾರಿದೆ? ಸೊಪ್ಪು ಅಂತ ಹಾಕಿಲ್ವಾ?"

ಸೊಪ್ಪೂ ಅದರಲ್ಲೇ ಸೇರುತ್ತೆ ಅತ್ತೆ ಅಂತ ನಾನೂ ಅಕ್ಕನೂ ಹೇಳಿದೆವು. ಅವರು ಒಪ್ಪಲಿಲ್ಲ. ತಿದ್ದುಪಡಿಗೆ ಅರ್ಜಿ ಎಲ್ಲಿ ಕೊಡಬೇಕು ಅಂತ ಅಕ್ಕನನ್ನು ಕೇಳಿದರು. ಸೋಮವಾರ ಹೋಗೋಣ ಅಂತ ಮಾತಾಯಿತು. ಅಷ್ಟರಲ್ಲಿ ಬಸ್ ಬಂತು. ಅತ್ತೆ ಕಾರ್ಡನ್ನು ಗಲ್ಲಾ ಡಬ್ಬಿಯಲ್ಲಿ ಪುಸ್ತಿಕೆಯ ಜೆರಾಕ್ಸ್ ಜೊತೆ ಇಟ್ಟು, ಗೋಣಿಚೀಲ ಸರಿಸಿ, ಸಬ್ಬಸಿಗೆಯನ್ನು ಮುಂದಕ್ಕೆ ತಂದಿಟ್ಟರು.